ಪೇಪರ್‌ದಾಗಿನ ‘ಭಾರಿ’ ಅಂದ್ರ ಎಷ್ಟು?

ಪ್ರಶ್ನೆ: ನಮ್ದು ಅಫಜಲಪುರ ತಾಲ್ಲೂಕ್ರಿ. ಪೇಪರ್‌ದಾಗ ‘ಜಿಲ್ಲೆಯಲ್ಲಿ ಭಾರಿ ಮಳೆ ಸಾಧ್ಯತೆ’ ಅಂತ ಬಂದಿತ್ತು, ನಮ್ಮೂರಾಗ ಮಣ್ಣು ಸುದ್ದಾ ತೊಯ್ಲಿಲ್ಲ. ಅದೇ ಪುಟದಾಗ ತೊಗರಿ ರೇಟ್ ‘ಭಾರಿ ಕುಸಿತ’, ಸಭೆಗೆ ‘ಭಾರಿ ಜನ’, ಕೆಳಗ ‘ಭಾರಿ ವಾಹನ ನಿಷೇಧ’. ಇದಕ್ಕೇನರ ಅಳತಿ ಅದನೋ ಇಲ್ಲೋ?

ಉತ್ತರ: ಮಳಿಗಿ ಮತ್ತ ವಾಹನಕ್ಕ ಅಳತಿ ಅದ, ಉಳಿದಿದ್ದಕ್ಕ ಇಲ್ರಿ. ವಾಹನದ್ದು ಸರಳ, ಲೋಡ್ ಸಹಿತ ಒಟ್ಟು ತೂಕ 12,000 ಕೆ.ಜಿ. ದಾಟಿದ ಲಾರಿ ಕಾನೂನು ಪ್ರಕಾರ ಭಾರಿ ಸರಕು ವಾಹನ, ಸೇಡಂ, ವಾಡಿ ಕಡಿ ಓಡಾಡೋ ಸಿಮೆಂಟ್ ಲಾರಿಗಳು ಬಹಳಷ್ಟು ಇದರಾಗೇ ಬರ್ತಾವ.

ಮಳಿದು ಸ್ವಲ್ಪ ಬಿಡಿಸಿ ಹೇಳ್ಬೇಕು. ಹವಾಮಾನ ಇಲಾಖೆ ಲೆಕ್ಕದಾಗ ಮುಂಜಾನೆ 8.30ರಿಂದ ಮರುದಿನ 8.30ರ ತನಕ 64.5ರಿಂದ 115.5 ಮಿ.ಮೀ. ಬಿದ್ರ ಭಾರಿ, ಅದರ ಮ್ಯಾಲ 204.4 ತನಕ ಅತಿ ಭಾರಿ. 64.5 ಅಂದ್ರ ಒಂದು ಎಕರೆ ಹೊಲದ ಮ್ಯಾಲ ಹೆಚ್ಚುಕಮ್ಮಿ 2.6 ಲಕ್ಷ ಲೀಟರ್ ನೀರು, ನಮ್ಮ ಎರಿ ಮಣ್ಣಿನಾಗ ಅಷ್ಟು ಬಿತ್ತಂದ್ರ ಎರಡ್ಮೂರು ದಿನ ಕಾಲಿಡಾಕ ಬರಲ್ಲ. ಆದ್ರ ಕಲಬುರಗಿ ಸಿಟಿದಾಗ ಒಂದೇ ತಾಸಿನಾಗ 50 ಮಿ.ಮೀ. ಸುರಿದು ಗಟಾರ ತುಂಬಿ ಅಂಗಡಿ ಒಳಗ ನೀರು ಹೊಕ್ಕಿತು ಅನ್ರಿ, ಆಮ್ಯಾಲ ಮಳಿ ನಿಂತ್ರ ಇಲಾಖೆ ಲೆಕ್ಕಕ್ಕ ಅದು ಸಾಧಾರಣ ಮಳಿನೇ, ಮೊಣಕಾಲು ಮಟ ನೀರಾಗ ನಿಂತ ವರದಿಗಾರ ಭಾರಿ ಅಂತ ಬರದ್ರ ಅವ್ರದೂ ತಪ್ಪಿಲ್ಲ, ಕಣ್ಣಿಗಿ ಕಂಡಿದ್ದು ಬರದಾರ. ಅದಕ್ಕ ಎಷ್ಟು ಮಿ.ಮೀ., ಯಾವ ಊರಾಗ, ಎಷ್ಟೊತ್ತಿನಾಗ ಅಂತ ಒಂದು ಸಾಲು ಸೇರಿಸಲೇಬೇಕು ಅಂತ ನಾ ಹೇಳೋದು.

ನಿಮ್ಮೂರಾಗ ಮಳಿ ಬರಲಾರದ್ದಕ್ಕ ಕಾರಣ ಬ್ಯಾರೆ ಇರ್ಬಹುದು. ಇಲಾಖೆ ಮುನ್ಸೂಚನೆದಾಗ ಬಹಳ ಸಲ ‘ಒಂದೆರಡು ಕಡೆ ಭಾರಿ ಮಳೆ’ ಅಂತ ಇರ್ತದ. ಅಂದ್ರ ಆ ಭಾಗದ ಮಳೆ ಮಾಪನ ಕೇಂದ್ರಗಳ ಪೈಕಿ ಹೆಚ್ಚಂದ್ರ ಕಾಲು ಭಾಗದಾಗ ಅಷ್ಟು ಮಳಿ ಬರ್ಬಹುದು ಅಂತ. ಹೆಡ್ಡಿಂಗ್‌ಗೆ ಜಾಗ ಸಾಲಲ್ಲ ಅಂತ ಆ ‘ಒಂದೆರಡು ಕಡೆ’ ಅನ್ನೋದನ್ನೇ ಪೇಪರ್ ಆಫೀಸಿನ ಡೆಸ್ಕ್‌ದಾಗ ಸುದ್ದಿ ತಿದ್ದೋರು ಕತ್ತರಿಸಿಬಿಡ್ತಾರ, ಅಲ್ಲೇ ಸುದ್ದಿ ಬದಲಾಗಿಬಿಡ್ತದ. ರೈತರು ಬೆಳಿಗಿ ಎಣ್ಣಿ (ಕೀಟನಾಶಕ) ಹೊಡಿಬೇಕೋ ಬ್ಯಾಡೋ, ಗೊಬ್ಬರ ಹಾಕ್ಬೇಕೋ ಬ್ಯಾಡೋ ಅನ್ನೋದನ್ನ ಇದನ್ನ ನೋಡೇ ತೀರ್ಮಾನ ಮಾಡ್ತಾರ, ಹಂಗಾಗಿ ಇದು ಸಣ್ಣ ವಿಷಯ ಅಲ್ಲ.

ರೇಟಿಂದು ನೋಡ್ರಿ. ತೊಗರಿಗಿ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಮಾರ್ಕೆಟ್‌ದಾಗ ಇನ್ನೂರು ಇಳಿದ್ರೂ ಭಾರಿ ಕುಸಿತ, ಎರಡು ಸಾವಿರ ಇಳಿದ್ರೂ ಭಾರಿ ಕುಸಿತ ಅಂತ ಬರದ್ರ ಓದೋರಿಗಿ ಏನು ತಿಳಿಬೇಕು? ಮಾಲು ಇಟ್ಕೋಬೇಕೋ ಮಾರ್ಬೇಕೋ ಅಂತ ಕುಂತಿರ್ತಾರ ಮಂದಿ. ನಿನ್ನಿ ರೇಟು, ಇವತ್ತಿನ ರೇಟು ಎರಡೂ ಹಾಕಿದ್ರ ಭಾರಿ ಅನ್ನೋದೇ ಬ್ಯಾಡ. ಸಭೆ ಜನಾನೂ ಅಷ್ಟೇ, ಅದು ಬರೇ ಅಂದಾಜು.

ಇನ್ನ ನಮ್ಮ ಮಾತಿನಾಗ ಶರಣಬಸವೇಶ್ವರ ಜಾತ್ರಿ ಭಾರಿ ಆಯ್ತು ಅಂದ್ರ ಚಂದ ಆಯ್ತು ಅಂತ ಅರ್ಥ, ಅದು ಹಂಗೇ ಇರ್ಲಿ, ಬಾಯಿಮಾತಿಗಿ ಅಳತಿ ಯಾಕ ಬೇಕು.

ಪ್ರಶ್ನೆ: ನಮ್ಮ ಶಹಾಪುರ ಕಡಿ ‘ಬೆಳೆ ಭಾರಿ ಹಾನಿ’ ಅಂತ ಪೇಪರ್‌ದಾಗ ಬಂದದ. ಕಟಿಂಗ್ ಇಟ್ಕೊಂಡ್ರ ಪರಿಹಾರಕ್ಕ ಉಪಯೋಗ ಆಗ್ತದೇನ್ರಿ?

ಉತ್ತರ: ಇಟ್ಕೋರಿ, ಆದ್ರ ಅದನ್ನೇ ನಂಬಿ ಕೂಡಬ್ಯಾಡ್ರಿ. ಸರ್ಕಾರದ ಪರಿಹಾರಕ್ಕ ಶೇ 33 ಇಲ್ಲಾ ಅದಕ್ಕಿಂತ ಹೆಚ್ಚು ಬೆಳಿ ಹಾಳಾಗಿರಬೇಕು, ಅದನ್ನ ಕಂದಾಯ ಮತ್ತ ಕೃಷಿ ಇಲಾಖೆಯವ್ರು ಸರ್ವೆ ಮಾಡೇ ಬರ್ಕೋತಾರ, ಪೇಪರ್‌ದವ್ರು ಭಾರಿ ಅಂದ್ರೂ ಅಲ್ಪ ಅಂದ್ರೂ ಅಲ್ಲಿ ನಡಿಯಲ್ಲ. ಸರ್ವೆಕ್ಕ ಬಂದಾಗ ನೀವು ಹೊಲದಾಗ ಇರ್ರಿ. ಫಸಲ್ ಬಿಮಾ (ಬೆಳಿ ವಿಮೆ) ಕಟ್ಟಿದ್ರ ಹೊಲದಾಗ ನೀರು ನಿಂತು ತೊಗರಿ ಹಾಳಾದ 72 ತಾಸಿನೊಳಗ ಬಿಮಾ ಕಂಪನಿಗಿ ಇಲ್ಲಾ ಬ್ಯಾಂಕಿಗಿ ಇಲ್ಲಾ ರೈತ ಸಂಪರ್ಕ ಕೇಂದ್ರಕ್ಕ ತಿಳಿಸ್ರಿ, ಸರ್ವೆ ನಂಬರ್ ಹೇಳ್ರಿ, ನೀರು ಇನ್ನೂ ನಿಂತಾಗೇ ಫೋಟೋ ತಕ್ಕೊಂಡಿಡ್ರಿ.