ಬರ್ಲಿನ್‌ನಲ್ಲಿ ಕಲಾವಿದರಿಗೆ ಪಾಸ್‌ಪೋರ್ಟ್‌ಗಿಂತ ವಿಳಾಸ ದೊಡ್ಡದು

ತಂಗಿ,

ಮೈಸೂರಿನ ಕಲಾ ಶಾಲೆ ಕಾವಾದಲ್ಲಿ ಪ್ರಿಂಟ್‌ಮೇಕಿಂಗ್ ಓದಿ, ಗಂಡನ ಬ್ಲೂ ಕಾರ್ಡ್ (ನುರಿತ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಜೊತೆ ಬರ್ಲಿನ್‌ಗೆ ಬಂದು ಈಗಷ್ಟೇ ಮನೆ ಹೂಡಿದ್ದೀಯ. 'ಅಕ್ಕಾ, ಇಲ್ಲಿನ ಕಲಾವಿದರಿಗೆ ಕೊಡುವ ಗ್ರ್ಯಾಂಟು, ಒಂದೆಡೆ ಉಳಿದು ಕೆಲಸ ಮಾಡಲು ಕರೆಯುವ ರೆಸಿಡೆನ್ಸಿ, ಪ್ರದರ್ಶನ ನಮ್ಮಂಥವರಿಗೂ ಸಿಗುತ್ತವಾ? ಎಲ್ಲಿಂದ ಶುರು ಮಾಡಲಿ? ಇಲ್ಲಿಗೆ ಬಂದು ನನ್ನ ಕೆಲಸವೇ ನಿಂತುಹೋಯಿತಲ್ಲ' ಅಂತ ಬರೆದಿದ್ದೀಯ. ಕೊನೆಯ ಮಾತು ಓದಿ ಬೇಜಾರಾಯಿತು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಸಿಗುತ್ತವೆ. ನೀನು ಯಾವ ದೇಶದವಳು ಅಂತ ಬರ್ಲಿನ್ ಸರಕಾರದ ಬಹುತೇಕ ಕಲಾ ಸ್ಟೈಪೆಂಡ್‌ಗಳು ಕೇಳುವುದಿಲ್ಲ. ನೀನು ವಾಸ ಮಾಡುವುದು, ಕೆಲಸ ಮಾಡುವುದು ಈ ಊರಿನಲ್ಲೇ ಹೌದೋ ಅಲ್ಲವೋ, ಅದನ್ನು ಕೇಳುತ್ತವೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಎಲ್ಲ ಮುಚ್ಚಿದಾಗ ಒಬ್ಬೊಬ್ಬರೇ ಸ್ವಂತ ದುಡಿಮೆ ಮಾಡುವವರಿಗೆ ಈ ನಗರ 5,000 ಯೂರೋ ತುರ್ತು ನೆರವು ಕೊಟ್ಟಿತು. ಇಲ್ಲಿ ನೋಂದಣಿಯಾಗಿ, ಇಲ್ಲೇ ತೆರಿಗೆ ಕಟ್ಟುತ್ತಿದ್ದ ವಿದೇಶಿ ಕಲಾವಿದರಿಗೂ ಆ ಹಣ ಬಂತು. ಈ ಊರಿನ ಋಣ ಅಂತ ನನ್ನ ಮೇಲೆ ಏನಾದರೂ ಇದ್ದರೆ ಅದು ಶುರುವಾದದ್ದು ಆ ವಾರದಲ್ಲಿ.

ಹಾಗಾಗಿ ಮೊದಲು ಕಾಗದಪತ್ರ ಸರಿ ಮಾಡಿಕೋ. ಮನೆ ವಿಳಾಸದ ನೋಂದಣಿ, ಅಂದರೆ ಅನ್‌ಮೆಲ್ಡುಂಗ್, ಆಗಿಯೇ ಇರುತ್ತದೆ. ಇನ್ನು ತೆರಿಗೆ ಕಚೇರಿಯಲ್ಲಿ ಸ್ವತಂತ್ರ ಕಲಾವಿದೆ ಅಂತ ನೋಂದಾಯಿಸಿಕೊಂಡು ತೆರಿಗೆ ನಂಬರ್ ತಗೋ. ಗಂಡನ ಜೊತೆ ಬಂದವರ ವೀಸಾದಲ್ಲಿ ನೌಕರಿಗೂ ಸ್ವಂತ ದುಡಿಮೆಗೂ ಅನುಮತಿ ಇರುತ್ತದೆ. ಇದು ಸಣ್ಣ ವಿಷಯ ಅಲ್ಲ. ಒಬ್ಬಳೇ ಬರುವ ಕಲಾವಿದೆ ಸ್ವತಂತ್ರ ವೃತ್ತಿಯ ವೀಸಾಕ್ಕಾಗಿ ಕೆಲಸ ಕೊಡುತ್ತೇವೆ ಅನ್ನುವವರ ಪತ್ರ, ಬ್ಯಾಂಕ್ ಖಾತೆ, ಇನ್ಶೂರೆನ್ಸ್ ಎಲ್ಲ ಹೊಂದಿಸಿಕೊಂಡು ಓಡಾಡಬೇಕು. ಓದಲು ಬಂದವರಿಗೆ ಸ್ವಂತ ದುಡಿಮೆಗೆ ಪ್ರತ್ಯೇಕ ಅನುಮತಿ ಬೇಕು, ಕಲಾವಿದರ ಸ್ಟೈಪೆಂಡ್‌ಗಳೂ ಸಾಮಾನ್ಯವಾಗಿ ವಿದ್ಯಾರ್ಥಿಗಳಿಗಿಲ್ಲ. ನಿನಗೆ ಆ ತೊಡಕು ಇಲ್ಲ. 'ಗಂಡನ ಹಿಂದೆ ಬಂದವಳು' ಅಂತ ನಿನ್ನನ್ನು ನೀನೇ ಕಡಿಮೆ ಮಾಡಿಕೊಂಡು ಬರೆದಿದ್ದೀಯಲ್ಲ, ಅದನ್ನು ಬಿಡು.

ಈಗ ಕೆಲಸದ ಮಾತು. ಪ್ರೆಸ್ ಇಲ್ಲದೆ ಎಚಿಂಗ್ (ಲೋಹದ ಪ್ಲೇಟನ್ನು ಆಸಿಡ್‌ನಲ್ಲಿ ಕೊರೆದು ಮಾಡುವ ಮುದ್ರಣ) ಮಾಡುವುದು ಹೇಗೆ ಅಂತ ಕೇಳಿದ್ದೀಯ. ಕ್ರಾಯ್ಟ್ಸ್‌ಬರ್ಗ್‌ನ ಮರಿಯಾನೆನ್‌ಪ್ಲಾಟ್ಸ್‌ನಲ್ಲಿ ಬೆಥಾನಿಯನ್ ಅಂತ ಹಳೇ ಆಸ್ಪತ್ರೆಯ ಕಟ್ಟಡವಿದೆ. 1840ರ ದಶಕದಲ್ಲಿ ಕಟ್ಟಿದ್ದು, 1970ರಲ್ಲಿ ಆಸ್ಪತ್ರೆ ಮುಚ್ಚಿತು. ಕೆಡವಲು ಹೊರಟಾಗ ಜನ ಬಿಡಲಿಲ್ಲ. ಈಗ ಅದರೊಳಗೆ ಬರ್ಲಿನ್ ಕಲಾವಿದರ ಸಂಘ ಬಿಬಿಕೆ ನಡೆಸುವ ಮುದ್ರಣ ಕಾರ್ಯಾಗಾರ ಇದೆ. ಲಿಥೋ, ಎಚಿಂಗ್, ಸ್ಕ್ರೀನ್ ಪ್ರಿಂಟ್, ವುಡ್‌ಕಟ್ ಎಲ್ಲಕ್ಕೂ ಜಾಗ ಉಂಟು. ವೃತ್ತಿಯ ಕಲಾವಿದೆ ಅಂತ ತೋರಿಸಲು ಡಿಗ್ರಿ ಪ್ರಮಾಣಪತ್ರ, ಕೆಲಸದ ಫೋಟೋ ತಗೊಂಡು ಹೋದರೆ ಸಾಕು. ಜಾಗ ಮೊದಲೇ ಹಿಡಿದಿಟ್ಟುಕೊಂಡು, ಬಳಸಿದಷ್ಟಕ್ಕೆ ಕಡಿಮೆ ಬಾಡಿಗೆ ಕೊಟ್ಟು ಕೆಲಸ ಮಾಡಬಹುದು.

ಒಳಗೆ ಹೋದ ತಕ್ಷಣ ಶಾಯಿಯ ವಾಸನೆ ಮೂಗಿಗೆ ಬಡಿಯುತ್ತದೆ, ನಿನಗೆ ಗೊತ್ತಿರುವ ಅದೇ ವಾಸನೆ. ಎತ್ತರದ ಕಿಟಕಿ, ಉದ್ದದ ಮೇಜು, ಒಂದು ಪ್ರೆಸ್ಸಿನ ಚಕ್ರ ನಿನ್ನ ಭುಜಕ್ಕಿಂತ ಮೇಲೆ. ಆಸಿಡ್ ಕೋಣೆಯೇ ಬೇರೆ, ಗಾಳಿ ಎಳೆಯುವ ಯಂತ್ರ ಹಾಕದೆ ಪ್ಲೇಟ್ ಮುಳುಗಿಸುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ಪ್ರೆಸ್ಸಿನ ಹಾಸು, ಕಂಬಳಿ, ಮೇಜು ಎಲ್ಲವನ್ನೂ ಒರೆಸಿ ಮುಂದಿನವರಿಗೆ ಬಿಡಬೇಕು. ಒರೆಸುವ ಹೊತ್ತಿನಲ್ಲೇ ಪಕ್ಕದವರ ಪರಿಚಯವಾಗುವುದು. ಯಾವ ಕಾಗದ, ಎಲ್ಲಿ ಅಗ್ಗ, ಯಾವ ಓಪನ್ ಕಾಲ್ (ಅರ್ಜಿಯ ಕರೆ) ಬಂದಿದೆ, ಯಾವ ಗ್ಯಾಲರಿಯವರು ಒಳ್ಳೆಯವರು ಅನ್ನುವುದೆಲ್ಲ ನನಗೆ ತಿಳಿದದ್ದು ಅಲ್ಲಿಯೇ. ನಾನು ಗ್ರ್ಯಾಂಟಿನ ಅರ್ಜಿಗಿಂತ ಮೊದಲು ಪ್ರೆಸ್ಸಿಗೆ ಹೋಗು ಅನ್ನುವುದು ಇದಕ್ಕೇ. ಅರ್ಜಿಗೆ ಹೊಸ ಕೆಲಸ ಬೇಕು. ಮೈಸೂರಿನಲ್ಲಿ ಮಾಡಿದ್ದು ಚೆನ್ನಾಗಿಯೇ ಇರಬಹುದು, ಆದರೆ ಇಲ್ಲಿ ಬಂದು ಏನು ಮಾಡುತ್ತಿದ್ದೀಯ ಅಂತ ಅರ್ಜಿ ಆರಿಸುವ ಜ್ಯೂರಿ ಹುಡುಕುತ್ತದೆ.

ಪ್ರದರ್ಶನದ ವಿಷಯಕ್ಕೆ ಬರೋಣ. ನಮ್ಮಲ್ಲಿ ಹೊಸಬರು ಏನು ಮಾಡುತ್ತಾರೆ? ಚಿತ್ರಕಲಾ ಪರಿಷತ್ತಿನ ಗ್ಯಾಲರಿಯನ್ನು ಬಾಡಿಗೆಗೆ ಹಿಡಿದು, ಫ್ರೇಮಿಗೆ ದುಡ್ಡು ಸುರಿದು, ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿ ಕಾಯುತ್ತಾರೆ. ಇಲ್ಲಿ ಪ್ರತಿ ಬಡಾವಣೆಗೂ ಸರಕಾರಿ ಗ್ಯಾಲರಿಗಳಿವೆ. ಬೆಥಾನಿಯನ್ ಕಟ್ಟಡದಲ್ಲೇ ಕುನ್ಸ್ಟ್‌ರಾಮ್ ಕ್ರಾಯ್ಟ್ಸ್‌ಬರ್ಗ್, ವೆಡ್ಡಿಂಗ್‌ನಲ್ಲಿ ಗ್ಯಾಲರಿ ವೆಡ್ಡಿಂಗ್, ನೊಯ್‌ಕೋಲ್ನ್‌ನಲ್ಲಿ ಕೋರ್ನರ್‌ಪಾರ್ಕ್ ಗ್ಯಾಲರಿ. ಒಳಗೆ ಹೋಗಲು ಟಿಕೆಟ್ ಇಲ್ಲ. ಇಂಥ ಗ್ಯಾಲರಿಗಳಲ್ಲಿ ಪ್ರದರ್ಶನ ಮಾಡಿದವರಿಗೆ 2016ರಿಂದ ನಗರವೇ ಪ್ರದರ್ಶನ ಶುಲ್ಕ ಕೊಡುತ್ತಿದೆ. ಮಾರಾಟವಾಗಲಿ ಬಿಡಲಿ, ಗೋಡೆಗೆ ಹಾಕಿದ ಕೆಲಸಕ್ಕೆ ಹಣ. ಕಲಾವಿದರ ಸಂಘದವರು ವರ್ಷಗಟ್ಟಲೆ ಕೇಳಿ ಕೇಳಿ ಪಡೆದದ್ದು ಇದು. ದೊಡ್ಡ ಮೊತ್ತ ಅಲ್ಲ. ಆದರೂ ಮಾಡಿದ್ದು ಕೆಲಸ, ಅದಕ್ಕೆ ಕೂಲಿ ಉಂಟು ಅಂತ ಒಂದು ಊರು ಒಪ್ಪಿಕೊಂಡರೆ ಕಲಾವಿದೆಯ ಬೆನ್ನು ನೆಟ್ಟಗಾಗುತ್ತದೆ. ಬೆಂಗಳೂರಿಗೂ ಇದು ಬರಬೇಕು ಅಂತ ನನಗೆ ತುಂಬಾ ಆಸೆ.

ಹಾಗಾಗಿ ದುಡ್ಡು ಕೇಳುವ ಗ್ಯಾಲರಿಗಳಿಂದ ದೂರ ಇರು. 'ನಿಮ್ಮ ಕೆಲಸ ಇನ್‌ಸ್ಟಾಗ್ರಾಮಿನಲ್ಲಿ ನೋಡಿದೆವು, ಅದ್ಭುತ, ನಮ್ಮ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಆಯ್ಕೆಯಾಗಿದ್ದೀರಿ' ಅಂತ ಮೇಲ್ ಬರುತ್ತದೆ. ಕೆಳಗೆ ಗೋಡೆಯ ಬಾಡಿಗೆ ಮೀಟರ್ ಲೆಕ್ಕದಲ್ಲಿ ಇರುತ್ತದೆ. ಹೊಸಬರನ್ನೇ ಹುಡುಕಿ ಬರೆಯುತ್ತಾರೆ. ಅಲ್ಲಿ ಹಾಕಿದ ಪ್ರದರ್ಶನಕ್ಕೆ ಇಲ್ಲಿನ ಜ್ಯೂರಿ ಬೆಲೆ ಕೊಡುವುದಿಲ್ಲ. ಅದಕ್ಕಿಂತ ನೊಯ್‌ಕೋಲ್ನ್‌ನಲ್ಲಿ 1999ರಿಂದ ನಡೆಯುತ್ತಿರುವ 48 ಗಂಟೆಗಳ ಕಲಾ ಹಬ್ಬಕ್ಕೆ ಅರ್ಜಿ ಹಾಕು. ಬೇಸಿಗೆಯಲ್ಲಿ ಆ ಬಡಾವಣೆಯ ಅಂಗಡಿ, ಅಂಗಳ, ಚರ್ಚು, ಸ್ಟುಡಿಯೋ ಎಲ್ಲ ಪ್ರದರ್ಶನದ ಜಾಗವಾಗುತ್ತವೆ. ಅಕ್ಕಪಕ್ಕದ ಮನೆಯವರು ಮಕ್ಕಳನ್ನು ಕರೆದುಕೊಂಡು ಬಂದು ನೋಡುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ.

ರೆಸಿಡೆನ್ಸಿಗಳ ಹೆಸರು ಕೇಳಿಯೇ ನೀನು ಮರುಳಾಗಿದ್ದೀಯ ಅನ್ನಿಸಿತು. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್‌ನ ಬರ್ಲಿನ್ ಕಲಾವಿದರ ಕಾರ್ಯಕ್ರಮ ಹೊರದೇಶದಲ್ಲಿ ಇರುವವರನ್ನು ಇಲ್ಲಿಗೆ ಕರೆಸಲು ಇರುವುದು, ವರ್ಷಕ್ಕೆ ಸುಮಾರು 20 ಜನ. ನೀನು ಈಗ ಇಲ್ಲಿಯವಳು, ಆ ಬಾಗಿಲು ನಿನಗಲ್ಲ. ಸ್ಟುಟ್‌ಗಾರ್ಟ್ ಹತ್ತಿರದ ಶ್ಲಾಸ್ ಸೊಲಿಟ್ಯೂಡ್ ಅಕಾಡೆಮಿಗೆ ಜಗತ್ತಿನ ಎಲ್ಲ ಕಡೆಯಿಂದ ಅರ್ಜಿ ಬರುತ್ತವೆ. ಹಾಕು, ಆದರೆ ಅದನ್ನೇ ನಂಬಿ ಕೂರಬೇಡ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಇಲ್ಲಿನ ಕಲಾವಿದರನ್ನು ಬೆಂಗಳೂರಿಗೆ ಕರೆಸುವ ಒಂದು ರೆಸಿಡೆನ್ಸಿ ನಡೆಸುತ್ತದೆ. ಅದರ ಕರೆ ಬಂದಾಗ ನಿಯಮ ಓದಿ ನೋಡು. ಉಳಿದಂತೆ ಮೊದಲ ವರ್ಷ ಊರು ಬಿಟ್ಟು ಹೋಗುವ ರೆಸಿಡೆನ್ಸಿಗಿಂತ ಈ ಊರಲ್ಲಿ ಬೇರು ಬಿಡುವುದೇ ಮೇಲು ಅಂತ ನನ್ನ ಗಟ್ಟಿ ಅಭಿಪ್ರಾಯ.

ಅರ್ಜಿ ಬರೆಯುವಾಗ ಒಂದು ಮಾತು. ನೀನು ಕಳಿಸಿದ ಕರಡಿನಲ್ಲಿ ಹಂಪಿ ಇದೆ, ಯಕ್ಷಗಾನ ಇದೆ, ಅಜ್ಜಿಯ ರಂಗೋಲಿ ಇದೆ. ನಿನ್ನ ಪ್ರಿಂಟುಗಳಲ್ಲಿ ಮಾತ್ರ ಅವು ಯಾವುದೂ ಇಲ್ಲ. ಅಲ್ಲಿರುವುದು ಬಸ್ ನಿಲ್ದಾಣ, ನೀರಿನ ಟ್ಯಾಂಕು, ಕರೆಂಟ್ ತಂತಿ. ಎಷ್ಟು ಚೆನ್ನಾಗಿವೆ ಅವು! ಅವುಗಳ ಬಗ್ಗೆಯೇ ಬರೆ. ಭಾರತದಿಂದ ಬಂದವಳು ಅಂದಕೂಡಲೇ ದೇವಸ್ಥಾನ, ಬಣ್ಣ, ಮಸಾಲೆ ನಿರೀಕ್ಷೆ ಮಾಡುವವರು ಇಲ್ಲಿ ಇದ್ದಾರೆ ನಿಜ. ಅವರಿಗೆ ಬೇಕಾದ್ದನ್ನು ಬಡಿಸಲು ಹೋದರೆ ಮುಂದೆ ಅದನ್ನೇ ಮಾಡುತ್ತಾ ಕೂರಬೇಕಾಗುತ್ತದೆ. ಪ್ರತಿ ಚಿತ್ರದ ಕೆಳಗೆ ವರ್ಷ, ಅಳತೆ, ಮಾಧ್ಯಮ, ಎಷ್ಟು ಪ್ರತಿಗಳಲ್ಲಿ ಎಷ್ಟನೆಯದು ಅನ್ನುವ ಎಡಿಷನ್ ಸಂಖ್ಯೆ ಹಾಕು. ಖರ್ಚಿನ ಪಟ್ಟಿಯಲ್ಲಿ ನಿನ್ನ ಸಂಭಾವನೆಯನ್ನೂ ಸೇರಿಸು, ಸಂಕೋಚ ಬೇಡ.

ಇನ್ನೊಂದು, ಕೆಎಸ್‌ಕೆ, ಅಂದರೆ ಕಲಾವಿದರ ಸಾಮಾಜಿಕ ವಿಮಾ ನಿಧಿ. ಸಂಬಳದವರಿಗೆ ಇನ್ಶೂರೆನ್ಸ್, ಪಿಂಚಣಿಯ ಅರ್ಧ ಪಾಲನ್ನು ಕಂಪನಿ ಕಟ್ಟುತ್ತದೆ. ಸ್ವತಂತ್ರ ಕಲಾವಿದರಿಗೆ ಆ ಅರ್ಧವನ್ನು 1983ರಿಂದ ಕೆಎಸ್‌ಕೆ ಕೊಡುತ್ತಿದೆ. ಆ ಹಣ ಸ್ವಲ್ಪ ಸರಕಾರದ್ದು, ಉಳಿದದ್ದು ಕಲಾವಿದರಿಂದ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಗಳದ್ದು. ಕಲೆಯಿಂದ ವರ್ಷಕ್ಕೆ 3,900 ಯೂರೋಗಿಂತ ಜಾಸ್ತಿ ಆದಾಯ ಇರಬೇಕು, ಹೊಸದಾಗಿ ಶುರು ಮಾಡಿದವರಿಗೆ ಮೊದಲ ಮೂರು ವರ್ಷ ಅದರಲ್ಲೂ ವಿನಾಯಿತಿ. ಸದ್ಯ ಗಂಡನ ಇನ್ಶೂರೆನ್ಸ್‌ನಲ್ಲೇ ನೀನೂ ಇರಬಹುದು. ಆದರೆ ಅದರಿಂದ ನಿನ್ನ ಹೆಸರಿಗೆ ಪಿಂಚಣಿ ಸೇರುವುದಿಲ್ಲ. ಗಂಡ ಎಷ್ಟೇ ಒಳ್ಳೆಯವನಾಗಿರಲಿ, ನಿನ್ನ ಹೆಸರಿನಲ್ಲಿ ನಿನ್ನ ಖಾತೆ ಬೆಳೆಯಬೇಕು. ಅದಕ್ಕೆ ಬಿಲ್ಲು, ಆಹ್ವಾನ ಪತ್ರ, ಒಪ್ಪಂದ ಎಲ್ಲವನ್ನೂ ಇವತ್ತಿನಿಂದಲೇ ಒಂದು ಫೈಲಿನಲ್ಲಿ ಕೂಡಿಡು.

ಎಲ್ಲ ಹಸಿರಾಗಿದೆ ಅಂತ ಹೇಳುವುದಿಲ್ಲ. 2025ರ ಬಜೆಟ್‌ನಲ್ಲಿ ಬರ್ಲಿನ್ ಸಂಸ್ಕೃತಿಯ ಹಣದಲ್ಲಿ ಸುಮಾರು 130 ದಶಲಕ್ಷ ಯೂರೋ ಕಡಿತ ಮಾಡಿತು. ನಾವೆಲ್ಲ ಬೀದಿಗಿಳಿದೆವು. ಒಂದು ಸ್ಟೈಪೆಂಡಿಗೆ ನುಗ್ಗುವವರು ಮೊದಲೇ ಜಾಸ್ತಿ, ಈಗ ಇನ್ನೂ ಜಾಸ್ತಿ. ಬಿಬಿಕೆ ಸಂಘದ ಸದಸ್ಯತ್ವ ಬೇಗ ತಗೋ. ವೀಸಾ, ತೆರಿಗೆ, ಕೆಎಸ್‌ಕೆಗೆ ಅಲ್ಲಿ ಸಲಹೆ ಸಿಗುತ್ತದೆ, ಜೊತೆಗೆ ಇಂಥ ಕಡಿತದ ವಿರುದ್ಧ ನಿಲ್ಲಲು ಒಂದು ಜಾಗವೂ ಸಿಗುತ್ತದೆ.

ಜರ್ಮನ್ ಕಲಿಯುವುದನ್ನು ಮುಂದಕ್ಕೆ ಹಾಕಬೇಡ. ಫಾರಂ ಜರ್ಮನ್‌ನಲ್ಲಿ, ಗ್ಯಾಲರಿಯ ಉದ್ಘಾಟನೆಯ ಮಾತುಕತೆಯೂ ಎಷ್ಟೋ ಸಲ ಜರ್ಮನ್‌ನಲ್ಲೇ.

ಕಾರ್ಯಾಗಾರದಲ್ಲಿ ಜಾಗ ಸಿಕ್ಕ ದಿನ ತಿಳಿಸು, ಮೊದಲ ದಿನ ನಾನೂ ಬರುತ್ತೇನೆ. ಊರಿನಿಂದ ತಂದ ಪ್ಲೇಟುಗಳಿದ್ದರೆ ಒಂದೆರಡು ಹಿಡಿದುಕೊಂಡು ಬಾ. ಹಳೇ ಬಟ್ಟೆಯೂ ಬೇಕು, ಒರೆಸಲು ಎಷ್ಟಿದ್ದರೂ ಸಾಲುವುದಿಲ್ಲ.

ನಿನ್ನ ಅಕ್ಕ