ತಗ್ಗಿಸಿದ ಪಿಕಪ್‌ಗೆ ಇನ್ನೋವಾ ಅಲಾಯ್ ಕೂರುತ್ತಾ?

ಕಾರವಾರದ ನಿಮ್ಮ ಎತ್ತರ ತಗ್ಗಿಸಿದ ಇಸುಝು ಡಿ-ಮ್ಯಾಕ್ಸ್ ಪಿಕಪ್‌ಗೆ ಹಳೇ ಇನ್ನೋವಾದ ಅಲಾಯ್ ಚಕ್ರ ಹಾಕಬಹುದಾ ಎಂದು ಕೇಳಿದ್ದೀರಿ. ನೇರವಾಗಿ ಕೂರುವುದಿಲ್ಲ. ಡಿ-ಮ್ಯಾಕ್ಸ್‌ನದು 6×139.7, ಅಂದರೆ 139.7 ಮಿ.ಮೀ. ವ್ಯಾಸದ ವೃತ್ತದಲ್ಲಿ ಆರು ಬೋಲ್ಟ್; ಇನ್ನೋವಾದ್ದು 5×114.3. ಇನ್ನೋವಾ ಚಕ್ರದ ನಡುವಿನ ತೂತೂ ಚಿಕ್ಕದು.

ಹಬ್‌ಗೂ (ಚಕ್ರ ಕೂರುವ ಭಾಗ) ಚಕ್ರಕ್ಕೂ ನಡುವೆ ಅಡಾಪ್ಟರ್ ಪ್ಲೇಟ್ ಹಾಕಿದರೆ ಅದರ ದಪ್ಪದಷ್ಟು ಚಕ್ರ ಹೊರಗೆ ಬರುತ್ತದೆ. 30 ಮಿ.ಮೀ. ಪ್ಲೇಟ್ ಅಂದರೆ ಎರಡೂ ಬದಿ ಸೇರಿ 60. ತಗ್ಗಿಸಿದ ಗಾಡಿಯಲ್ಲಿ ಟೈರಿಗೂ ಫೆಂಡರಿಗೂ ಮೊದಲೇ ಜಾಗ ಕಡಿಮೆ ಅಲ್ವಾ? ದೇವಿಮನೆ ಘಾಟಿಯ ತಿರುವಿನಲ್ಲಿ ಉಜ್ಜಬಹುದು. ಬೇರಿಂಗ್ ಮೇಲೂ ಒತ್ತಡ ಜಾಸ್ತಿ. ಹಬ್‌ಗೆ ಹೊಸ ತೂತು ಮಾತ್ರ ಕೊರೆಸಲೇಬೇಡಿ, ದಯವಿಟ್ಟು. ಲೋಡ್ ಹಾಕಿದಾಗ ಜೀವ ನಿಂತಿರುವುದು ಚಕ್ರ ಹಿಡಿಯುವ ಸ್ಟಡ್ ಬೋಲ್ಟ್‌ಗಳ ಮೇಲೆ.

ಅಡಾಪ್ಟರ್‌ಗೆ ಹಾಕುವ ದುಡ್ಡಿಗೆ ಆರು ಬೋಲ್ಟಿನ ಅಲಾಯ್ ಹುಡುಕಿ. ಹೈಲಕ್ಸ್, ಫಾರ್ಚುನರ್‌ದ್ದೂ 6×139.7. ಆಫ್‌ಸೆಟ್ (ಚಕ್ರ ಎಷ್ಟು ಒಳಗೆ-ಹೊರಗೆ ಕೂರುತ್ತದೆ ಎಂಬ ಅಳತೆ) ಮತ್ತು ಭಾರದ ಮಿತಿ ನೋಡಿಯೇ ಕೊಳ್ಳಿ. ಹಾಕಿಸಿ 100 ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್) ಮತ್ತೆ ನೋಡಿಸಿ.