ನಿಮ್ಮ ಸೂತ್ರದಲ್ಲಿ ತಪ್ಪಿಲ್ಲ, ಫೈಲಿನ ಹೆಸರು ನೋಡಿ

ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ಬ್ಯಾಂಡ್ 10 (ನೆಲದ ಶಾಖ ಅಳೆಯುವ ಚಿತ್ರ) ಸೂತ್ರಕ್ಕೆ ಹಾಕಿದರೆ ಏಪ್ರಿಲ್‌ನಲ್ಲಿ ಬಾಗಲಕೋಟೆಯ ಹೊಲಗಳಿಗೆ 69 ಡಿಗ್ರಿ ಬರ್ತಿದೆ, 24 ಕಳೆದುಬಿಟ್ಟರೆ ನಡೆಯುತ್ತಾ ಅಂತ ಕೇಳಿದ್ದೀರಿ. ಆ 69 ನೋಡಿ ನನ್ನ ಎದೆ ಧಸಕ್ಕೆಂದಿತು. ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ನನಗೂ ಅದೇ ಬಂದಿತ್ತು.

ವಿಜಯಪುರದ ಬಾಡಿಗೆ ರೂಮಿನಲ್ಲಿ ಹದಿನೈದು ದಿನ ಬರೀ ಬ್ರಾಕೆಟ್ ಎಣಿಸಿದೆ. ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್‌ನಲ್ಲಿ, ಸೂತ್ರದಲ್ಲಿದ್ದ ಎಲ್‌ಎನ್ (ನ್ಯಾಚುರಲ್ ಲಾಗ್) ತೆಗೆದು ಲಾಗ್10 ಹಾಕಿದೆ, 500 ದಾಟಿತು. ವಾಪಸ್ ಎಲ್‌ಎನ್‌ಗೇ ಬಂದೆ. ಎರೆ ನೆಲ ಗಾಳಿಗಿಂತ ಜಾಸ್ತಿ ಕಾಯುತ್ತೆ, ಅಷ್ಟು ಇರಬಹುದು ಅಂತ ಕೊನೆಗೆ ನಂಬಿದೆ. ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿದೆ.

ವೈವಾಗೆ ಎರಡು ದಿನ ಇದ್ದಾಗ ಸೋದರಮಾವನ ಊರಿಗೆ ಹೋಗಿದ್ದೆ, ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿದೆ. ಮಾವ ನಕ್ಷೆಯಲ್ಲಿ ನೀರಿನ ಮೇಲೆ ಬೆರಳಿಟ್ಟು ಇದೆಷ್ಟು ಅಂದರು. ಬಣ್ಣದ ಪಟ್ಟಿ ನೋಡಿ 59 ಅಂದೆ. "ತಮ್ಮಾ, ನಿನ್ನಿ ಇದ್ರಾಗ ಎಮ್ಮಿ ಮೈ ತೊಳ್ದ ಬಂದೀನಿ. ಅಷ್ಟ್ ಇದ್ರ ನನ್ನ ಕಾಲ ಉಳೀತಿದ್ವೇನು?"

ಅವತ್ತು ರಾತ್ರಿ ಮೊದಲ ಸಲ ಫೈಲಿನ ಹೆಸರು ಪೂರ್ತಿ ಓದಿದೆ. ಎಲ್2ಎಸ್‌ಪಿ ಅಂತಿತ್ತು, ಕೊನೆಯಲ್ಲಿ ಎಸ್‌ಟಿ_ಬಿ10. ಅಂದರೆ ಲೆವೆಲ್ 2. ಅದರಲ್ಲಿ ಉಷ್ಣತೆಯ ಲೆಕ್ಕ ಆಗಲೇ ಮುಗಿದಿರುತ್ತೆ, ಅದನ್ನು ಬರೀ ಬೇರೆ ಅಳತೆಯ ಸಂಖ್ಯೆಯಾಗಿ ಇಟ್ಟಿರುತ್ತಾರೆ. ನಾನು ಅದಕ್ಕೆ ಲೆವೆಲ್ 1ರ, ಅಂದರೆ ಉಷ್ಣತೆ ಇನ್ನೂ ಲೆಕ್ಕ ಹಾಕದ ಫೈಲಿನ, ಸೂತ್ರ ಹಾಕಿದ್ದೆ. 0.0003342ರಿಂದ ಗುಣಿಸಿ, 0.1 ಕೂಡಿಸಿ, ಆಮೇಲೆ ಕೆ1, ಕೆ2 ಅನ್ನೋ ಸ್ಥಿರಾಂಕಗಳು. ನಾನು ಮೋಸ ಹೋಗಿದ್ದು ಎಲ್ಲಿ ಗೊತ್ತಾ? ಲೆವೆಲ್ 2ರ ಜೊತೆ ಬರುವ ಎಂಟಿಎಲ್ ಫೈಲಿನಲ್ಲೂ (ಚಿತ್ರದ ವಿವರ ಬರೆದಿರುವ ಫೈಲು) ಕೆ1 774.8853, ಕೆ2 1321.0789 ಅಂತ ಬರೆದೇ ಇರುತ್ತೆ. ಅವು ಲೆವೆಲ್ 1ರ ಭಾಗದಲ್ಲಿರುತ್ತವೆ. ಸಂಖ್ಯೆ ಹುಡುಕಿದೆ, ಸಿಕ್ಕಿತು, ಹಾಕಿದೆ. ಅದು ಯಾವ ಭಾಗದ್ದು ಅಂತ ನೋಡಲಿಲ್ಲ. ಉತ್ತರ 500 ಬಂದಿದ್ದರೆ ಯಾರಿಗಾದರೂ ಅನುಮಾನ ಬರುತ್ತೆ. 69 ಬಂದರೆ ಬರೋಲ್ಲ. ವೈವಾ ಮುಂದಿನ ಬ್ಯಾಚಿಗೆ ಹೋಯಿತು, ಆರು ತಿಂಗಳು.

ಲೆವೆಲ್ 2ಕ್ಕೆ ಬೇಕಾಗಿದ್ದು ಇಷ್ಟೇ: ಪಿಕ್ಸೆಲ್ ಸಂಖ್ಯೆ × 0.00341802 + 149 − 273.15. ಪಿಕ್ಸೆಲ್ 49444 ಇದ್ದರೆ ಸುಮಾರು 45 ಡಿಗ್ರಿ. ಅದೇ ಪಿಕ್ಸೆಲ್‌ಗೆ ಹಳೇ ಸೂತ್ರ ಹಾಕಿದರೆ 69. ಮತ್ತೆ ಹಸಿರು ಎಷ್ಟಿದೆ ಅಂತ ತೋರಿಸುವ ಎನ್‌ಡಿವಿಐನಿಂದ ಎಮಿಸಿವಿಟಿ (ನೆಲ ಎಷ್ಟು ಚೆನ್ನಾಗಿ ಶಾಖ ಹೊರಸೂಸುತ್ತೆ ಅನ್ನೋ ಅಳತೆ) ತೆಗೆದು ಸೇರಿಸಬೇಡಿ, ಅದೂ ಒಳಗೇ ಆಗಿದೆ. ಅಂಚಿನಲ್ಲಿ −124.15 ಕಂಡರೆ ಗಾಬರಿ ಬೇಡ, ಅದು ಸೊನ್ನೆ ಇರುವ ಖಾಲಿ ಜಾಗ.

24 ಕಳೆಯೋದು ಮಾತ್ರ ಖಂಡಿತ ಬೇಡ. ಹೊಲ 45, ನೀರು 27 ಅಂದುಕೊಳ್ಳಿ, ನಡುವೆ 18 ಡಿಗ್ರಿ. ಈ ಫೈಲಿಗೆ ಹೊಂದದ ಹಳೇ ಸೂತ್ರದಲ್ಲಿ ಅವು 69 ಮತ್ತು 59 ಆಗುತ್ತವೆ, ಅಂತರ ಬರೀ 10. ನೀವು 24 ಕಳೆದರೆ ಹೊಲ ಸರಿಹೋಗುತ್ತೆ, ನೀರು 35ರಲ್ಲೇ ನಿಲ್ಲುತ್ತೆ. ಊರು, ಹೊಲ, ನೀರು ಎಷ್ಟೆಷ್ಟು ಬೇರೆ ಅಂತ ತೋರಿಸೋದಕ್ಕೇ ಅಲ್ವಾ ನಕ್ಷೆ ಮಾಡೋದು?

ಸೂತ್ರ ನೀವೇ ಮಾಡಿ ತೋರಿಸಬೇಕು ಅಂತ ಗೈಡ್ ಹೇಳಿದ್ದರೆ ಹೆಸರಲ್ಲಿ ಎಲ್1ಟಿಪಿ ಅಂತಿರುವ ಲೆವೆಲ್ 1 ಫೈಲನ್ನೇ ಬೇರೆ ಇಳಿಸಿಕೊಳ್ಳಿ. ಇಲ್ಲದಿದ್ದರೆ ಸುಮ್ನೆ ಲೆವೆಲ್ 2 ಸಾಕು, ನನ್ನ ಮಟ್ಟಿಗೆ ಅದೇ ಒಳ್ಳೆಯದು.

ಈಗ ಆಲಮಟ್ಟಿ ಹಿನ್ನೀರಿನ ನಡುಮಧ್ಯೆ ಕ್ಲಿಕ್ ಮಾಡಿ. ಎಷ್ಟು ಬಂತು, ಫೈಲಿನ ಹೆಸರೇನು, ಎರಡನ್ನೂ ಇಲ್ಲೇ ಬರೆಯಿರಿ.